ಮಗಳಿಗೊಂದು ಪತ್ರ: ಕೈಯಲ್ಲಿ ಸೂಜಿ ಇದ್ದರೆ ಯಾರೂ ಚಹಾ ಕೇಳುವುದಿಲ್ಲ

ಧಾರವಾಡ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕವ್ವ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಅಂದೆ. "ಯಾಕವ್ವಾ ಇಷ್ಟ್ ತ್ರಾಸ ತಗೋತಿ? ಇಲ್ಲೇ ಡೆಹ್ರಾಡೂನದಾಗ ಎಂಟನೂರು ರೂಪಾಯಿಗೆ ರಜಾಯಿ ಸಿಗ್ತದ." ನಾನು ಹೌದಲ್ಲ ಅಂದು ಬೇರೆ ಮಾತಿಗೆ ಹೊರಳಿದೆ. ಆಮೇಲೆ ಎರಡು ದಿನ ಸಿಟ್ಟು ಬಂದಿತ್ತು, ನಿನ್ನ ಮೇಲೆಯೇ. ಮೂರನೇ ದಿನ ನಿನಗಾಗಿ ಹೊಲಿಯುತ್ತಿರುವ ಕೌದಿ, ಈ ಚೂರು ಬಟ್ಟೆಗಳ ಹೊದಿಕೆ, ತೊಡೆಯ ಮೇಲೆ ಹಾಕಿಕೊಂಡು ಕೂತಾಗ ಅದು ಇಳಿಯಿತು. ಯಾಕೆ ಅಂತ ನಾನೂ ಯಾವತ್ತೂ ಕೇಳಿಕೊಂಡಿರಲಿಲ್ಲ, ನೋಡು. ಈಗ ಉತ್ತರ ಸಿಕ್ಕಿದೆ. ಫೋನಿನಲ್ಲಿ ಹೇಳಲು ಹೋದರೆ ನಿನ್ನ ತಮ್ಮ ನಡುವೆ ಬಾಯಿ ಹಾಕುತ್ತಾನೆ. ಅದಕ್ಕೇ ಈ ಕಾಗದ.

ಮೊದಲು ಕೆಲಸ ಎಲ್ಲಿಗೆ ಬಂತು ಹೇಳಿಬಿಡುತ್ತೇನೆ. ಈ ಹುಚ್ಚು ಹಚ್ಚಿದವಳು ನೀನೇ. ಮೇ ತಿಂಗಳಲ್ಲಿ ಬಂದಾಗ ಅಮೆರಿಕದವರ ಕ್ವಿಲ್ಟಿನ ಫೋಟೋ ತೋರಿಸಿದೆಯಲ್ಲ, ಒಂದೊಂದು ಚೌಕದಲ್ಲಿ ಒಂದೊಂದು ನಮೂನೆ ಇರುವುದು. ಅದಕ್ಕೆ ಸ್ಯಾಂಪ್ಲರ್ ಅಂತಾರೆ, ಹೊಸದಾಗಿ ಕಲಿಯುವವರು ಹೀಗೆ ಹೊಲಿದು ಹೊಲಿದು ಎಲ್ಲ ನಮೂನೆ ಕಲಿಯುತ್ತಾರೆ ಅಂದೆ. ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು. 12 ಚೌಕ, ಒಂದೊಂದು 12 ಇಂಚು, ನಡುವೆಯೂ ಸುತ್ತಲೂ 2 ಇಂಚಿನ ಪಟ್ಟಿ. ಎಲ್ಲ ಸೇರಿ 44 ಇಂಚು ಅಗಲ, 58 ಇಂಚು ಉದ್ದ. ಮಂಚಕ್ಕೆ ಸಾಲುವುದಿಲ್ಲ. ಕಾಲ ಮೇಲೆ ಹೊದ್ದುಕೊಂಡು ಓದುತ್ತಾ ಕೂರಲು ಸಾಕು. ಒಂಬತ್ತು ಚೌಕ ಮುಗಿದಿವೆ.

ನಮ್ಮ ಕೌದಿಗೂ ಅವರ ಕ್ವಿಲ್ಟಿಗೂ ಇರುವ ಫರಕು ಹೊಲಿಯಲು ಕೂತ ಮೇಲೆ ಗೊತ್ತಾಯಿತು. ಅವರದ್ದೆಲ್ಲ ಲೆಕ್ಕ. ಅಳೆದು ಕತ್ತರಿಸು, ಕಾಲು ಇಂಚು ಅಂಚು ಬಿಟ್ಟು ಜೋಡಿಸು, ಮೇಲಿನ ಬಟ್ಟೆ ಪೂರ್ತಿ ತಯಾರಾದ ಮೇಲೆ ಕೆಳಗೆ ಹತ್ತಿಯ ಪದರ, ಅದರ ಕೆಳಗೆ ಅಸ್ತರು, ಆಮೇಲೆ ಮೂರನ್ನೂ ಸೇರಿಸಿ ಹೊಲಿ. ಕೌದಿಗೆ ಟೇಪೇ ಬೇಡ. ಹಳೇ ಸೀರೆ ಹಾಸು, ಮೇಲೆ ಧೋತರ ಹಾಸು, ಮೇಲೆ ಕೈಗೆ ಸಿಕ್ಕ ಚೂರುಗಳನ್ನು ಇಡುತ್ತಾ ಹೊಲಿಯುತ್ತಾ ಹೋಗು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂ ಇಡುತ್ತಾರೆ, ಅದಕ್ಕೆ ಫುಲ ಅಂತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರ ಲೆಕ್ಕ. ನಾನೂ ಇಡುತ್ತೇನೆ. ನಮೂನೆ ಯಾರದ್ದಾದರೇನು, ಬೆತ್ತಲೆ ಇರುವುದು ಬೇಡ ಅಲ್ವಾ.

ಮೊದಲ ಚೌಕದಲ್ಲೇ ಎಡವಿದೆ. ಒಂಬತ್ತು ತುಂಡಿನ ನಮೂನೆ, ಎಲ್ಲಕ್ಕಿಂತ ಸುಲಭದ್ದು. ನಿನ್ನ ಹೈಸ್ಕೂಲಿನ ನೀಲಿ ಚೆಕ್ಸ್ ಯೂನಿಫಾರ್ಮು, ನಿನ್ನಪ್ಪನ ಬಿಳಿ ಅಂಗಿ. 12 ಇಂಚನ್ನು ಮೂರರಿಂದ ಭಾಗಿಸಿದೆ, ನಾಲ್ಕು ಬಂತು, ಕಚಕಚ ಅಂತ 4 ಇಂಚಿನ ಒಂಬತ್ತು ತುಂಡು ಕತ್ತರಿಸಿದೆ. ಹೊಲಿದು ಬಿಡಿಸಿ ಹಾಸಿದರೆ ಚೌಕ ಗಿಡ್ಡ! ಎರಡೂ ಕಡೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗುತ್ತದೆ ಅನ್ನುವುದು ಮರೆತೇ ಹೋಗಿತ್ತು. ನಾಲ್ಕೂವರೆಗೆ ಕತ್ತರಿಸಬೇಕಿತ್ತು. ಪೂರ್ತಿ ಒಂದೂವರೆ ಇಂಚು ಕಡಿಮೆ. ಯೂನಿಫಾರ್ಮಿನ ಬಟ್ಟೆ ಇನ್ನು ಉಳಿದಿರಲಿಲ್ಲ. ಕಡೆಗೆ ನಿನ್ನಜ್ಜಿಯ, ನಮ್ಮ ಆಯಿಯ, ಹಳೇ ಇಳಕಲ್ ಸೀರೆಯ ಕೆಂಪು ಅಂಚು ಬಿಚ್ಚಿ ಸುತ್ತಲೂ ಮುಕ್ಕಾಲು ಇಂಚಿನ ಪಟ್ಟಿ ಕೊಟ್ಟೆ. ಈಗ ನೋಡಿದವರೆಲ್ಲ ಅದೇ ಚೌಕ ಚಲೋ ಇದೆ ಅಂತಾರೆ. ನಾನು ಬಾಯಿ ಬಿಟ್ಟಿಲ್ಲ. ನೀನೂ ಬಿಡಬೇಡ.

ಇನ್ನೊಂದಕ್ಕೆ ಲಾಗ್ ಕ್ಯಾಬಿನ್ ಅಂತಾರೆ. ನಡುವೆ ಕೆಂಪು ಚೌಕ, ಅದರ ಸುತ್ತ ಮರದ ದಿಮ್ಮಿ ಪೇರಿಸಿದ ಹಾಗೆ ಪಟ್ಟಿಗಳು. ಕೆಂಪು ಅಂದರೆ ಮನೆಯ ಒಲೆಯ ಬೆಂಕಿಯಂತೆ. ಪಟ್ಟಿಗಳೆಲ್ಲ ನಿನ್ನಪ್ಪನ ಅಂಗಿಗಳು. ಅವರು ಕಪಾಟಿನ ಮುಂದೆ ನಿಂತು, ಇದು ಇನ್ನೂ ಹಾಕಿಕೊಳ್ಳಲು ಬರುತ್ತದೆ, ಅದನ್ನು ನಾಳೆ ಹಾಕುವವನಿದ್ದೆ ಅಂತ ಒಂದೊಂದಕ್ಕೂ ವಕಾಲತ್ತು ಮಾಡಿದರು. ಕಾಲರ್ ಹರಿದ ಐದು ಅಂಗಿ ಕೊಡಲು ಎರಡು ವಾರ ತೆಗೆದುಕೊಂಡರು. ತಮ್ಮನದ್ದು ಇನ್ನೊಂದು ರಗಳೆ. ಅವನ ಕ್ರಿಕೆಟ್ ಜರ್ಸಿ ಇರಲೇಬೇಕಂತೆ. ಆ ಬಟ್ಟೆ ಮಷಿನ್ನಿನ ಕೆಳಗೆ ರಬ್ಬರಿನ ಹಾಗೆ ಎಳೆದುಕೊಂಡು ಹೋಗುತ್ತದೆ. ಹಿಂದೆ ಕ್ಯಾನ್ವಾಸ್ ಅಂಟಿಸಿದ ಮೇಲೆ ಮಾತು ಕೇಳಿತು.

ಮೂರು ಮೂಲೆಯ ತುಂಡುಗಳ ಸಾಲಿನ ಚೌಕ ಒಂದಿದೆ, ಹಾರುವ ಬಾತುಕೋಳಿ ಅಂತ ಹೆಸರು. ಆಯಿ ಕೈಯಾಡಿಸಿ ನೋಡಿ, "ಇವು ಬಾತುಕೋಳಿ ಅಲ್ಲ, ಸಮೋಸಾ" ಅಂದರು. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಸಮೋಸಾ ಚೌಕ.

ಗುಳೇದಗುಡ್ಡದ ಖಣದ ಕುಬಸದ ಚೂರುಗಳನ್ನೂ ಹಾಕಿದ್ದೇನೆ. ಅವು ಕತ್ತರಿ ತಾಗಿದರೆ ಸಾಕು ಎಳೆ ಬಿಡುತ್ತವೆ, ಜೀವ ತಿಂದವು. ಮತ್ತೊಂದು ಚೌಕದಲ್ಲಿ ಕಸೂತಿ ಗೋಪುರ, ಗವಂತಿ ಹೊಲಿಗೆಯಲ್ಲಿ ಹಾಕಿದ್ದು. ಗೊತ್ತಲ್ಲ, ಗಂಟು ಹಾಕುವ ಹಾಗಿಲ್ಲ, ಬಟ್ಟೆಯ ಎಳೆ ಎಣಿಸಿ ಹೋಗಬೇಕು, ಅದೇ ದಾರಿಯಲ್ಲಿ ತಿರುಗಿ ಬಂದು ಖಾಲಿ ಬಿಟ್ಟದ್ದನ್ನು ತುಂಬಬೇಕು. ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಈಗ ಹಿಂಬದಿ ಅಸ್ತರಿನೊಳಗೆ ಮುಚ್ಚಿಹೋಗುತ್ತದೆ, ಯಾರು ನೋಡುತ್ತಾರೆ? ಆದರೂ ಒಂದು ಎಳೆ ತಪ್ಪಿದ್ದಕ್ಕೆ ಅರ್ಧ ಗೋಪುರ ಬಿಚ್ಚಿದೆ. ಇದನ್ನು ಓದಿ ನೀನು ನಗುತ್ತೀಯ ಅಂತ ಗೊತ್ತು.

ಹನ್ನೆರಡನೇ ಚೌಕ ಆಯಿಯದ್ದು. ಅವರಿಗೆ ಈಗ ಕಣ್ಣು ಪೂರ್ತಿ ಮಂಜು. ಬೆಳಿಗ್ಗೆ ನಾನು ಹತ್ತು ಸೂಜಿ ಪೋಣಿಸಿ ಹಳೇ ದಿಂಬಿಗೆ ಚುಚ್ಚಿ ಅವರ ಪಕ್ಕ ಇಟ್ಟುಬಿಡುತ್ತೇನೆ. ಒಂದು ಮುಗಿದರೆ ಇನ್ನೊಂದನ್ನು ತಡಕಿ ತೆಗೆದುಕೊಳ್ಳುತ್ತಾರೆ. ಎಡಗೈ ಹೆಬ್ಬೆರಳನ್ನು ಹಿಂದಿನ ಸಾಲಿನ ಮೇಲೆ ಇಟ್ಟು, ಅದರ ಉಗುರಿನ ಪಕ್ಕಕ್ಕೆ ಸೂಜಿ ಇಳಿಸುತ್ತಾರೆ. ಸಾಲು ಸಾಲಿಗೂ ನಡುವೆ ಒಂದು ಉಗುರು ಜಾಗ. ನಾನು ಸ್ಕೇಲು ಇಟ್ಟು ಚಾಕ್‌ಪೀಸಿನಲ್ಲಿ ಗೆರೆ ಎಳೆದು ಹೊಲಿದದ್ದು ಅಲ್ಲಲ್ಲಿ ಸೊಟ್ಟ. ಅವರದ್ದು ನೀರಿನಲ್ಲಿ ಎದ್ದ ಅಲೆಯ ಹಾಗೆ ಸುತ್ತುತ್ತಾ ಒಂದೇ ಸಮ ಹೋಗಿದೆ. ಮೊದಲೆಲ್ಲ ಕೌದಿ ಹೊಲಿಯುವವರು ಓಣಿಗೆ ಬಂದಾಗ ಅವರ ಪಕ್ಕ ಕೂತು ಕಲಿತದ್ದಂತೆ.

ಒಳಗೆ ಹತ್ತಿಯ ಪದರ ಹಾಕಿಲ್ಲ. ಆಯಿಯ ಎರಡು ಹಳೇ ಸೀರೆ, ಅಜ್ಜನ ಒಂದು ಧೋತರ. ಹೊಸ ಬಟ್ಟೆ ತರೋಣ ಅಂದಿದ್ದೆ, ಆಯಿ ಬಿಡಲಿಲ್ಲ. ಹೊಸದರಲ್ಲಿ ಗಂಜಿ ಇರುತ್ತದೆ, ನಾಲ್ಕು ಪದರ ಆದರೆ ಸೂಜಿ ಇಳಿಯುವುದಿಲ್ಲ, ಒಗೆದ ಮೇಲೆ ಕುಗ್ಗಿ ಮುದುಡುತ್ತದೆ. ಹಳೆಯದಾದರೆ ಕುಗ್ಗುವುದೆಲ್ಲ ಎಂದೋ ಕುಗ್ಗಿ ಮುಗಿದಿರುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಹೊತ್ತು. ಆ ಹೊತ್ತಿನಲ್ಲಿ ನಾನು ಸುಮ್ನೆ ಮಲಗಿದ್ದರೆ, "ಅವ್ವಾ, ನನ್ನ ಚಾರ್ಜರ್ ಎಲ್ಲೈತಿ?" ಫೋನು ನೋಡುತ್ತಾ ಕೂತಿದ್ದರೆ, "ಹೆಂಗೂ ಕೂತೀದಿ, ಒಂದ್ ಕಪ್ ಚಹಾ ಮಾಡು." ಪುಸ್ತಕ ಹಿಡಿದರೂ ಅಷ್ಟೇ. ಆದರೆ ತೊಡೆಯ ಮೇಲೆ ಬಟ್ಟೆ ಹರಡಿಕೊಂಡು ಕೈಯಲ್ಲಿ ಸೂಜಿ ಹಿಡಿದಿದ್ದರೆ ಯಾರೂ ಚಹಾ ಕೇಳುವುದಿಲ್ಲ. ಬಾಗಿಲಿಗೆ ಬಂದು ನೋಡಿ ಹಾಗೇ ತಿರುಗಿ ಹೋಗುತ್ತಾರೆ. ಮೊನ್ನೆ ನಿನ್ನಪ್ಪ ತಾವೇ ಚಹಾ ಮಾಡಿಕೊಂಡು ನನಗೂ ತಂದುಕೊಟ್ಟರು. ಸಕ್ಕರೆ ಜಾಸ್ತಿ ಆಗಿತ್ತು. ಕುಡಿದೆ.

ಹಾಗಾಗಿ ನಿನಗೋಸ್ಕರ ಕಣ್ಣು ಕೆಡಿಸಿಕೊಳ್ಳುತ್ತಿದ್ದೇನೆ ಅಂತ ನೀನು ಸಂಕಟಪಡಬೇಡ. ಈ ಎರಡು ತಾಸು ನನಗೆ ಬೇಕು, ಕೌದಿಯ ಹೆಸರಿನಲ್ಲಿ ಸಿಗುತ್ತದೆ. ಇದು ಮುಗಿದರೆ ಇನ್ನೊಂದು ಹಿಡಿಯುತ್ತೇನೆ. ನಿನಗೆ ಬೇಡವಾದರೂ ಹೊಲಿಯುವವಳೇ. ಬೇಕು ಅಂದರೆ ಖುಷಿ, ಅದು ಬೇರೆ ಮಾತು.

ಹೆಣಿಗೆಯ ವಿಷಯ ಮಾತ್ರ ಹಾಗಲ್ಲ. ಅದನ್ನು ಮಾಡುವುದು ಕೊಡಲೆಂದೇ, ಅದಕ್ಕೇ ಅದರಲ್ಲಿ ನೋವೂ ಇದೆ. ಹೋದ ವರ್ಷ ಸಂಬಂಧಿಕರ ಹುಡುಗನಿಗೆ ಸ್ವೆಟರ್ ಹೆಣೆದೆನಲ್ಲ, ಯಾರು ಅಂತ ಕೇಳಬೇಡ, ನಿನಗೆ ಗೊತ್ತು. ಅಪ್ಪಟ ಉಣ್ಣೆ, ಎರಡು ತಿಂಗಳ ಕೆಲಸ. ಅವರು ಬಿಸಿನೀರಿನ ಮಷಿನ್ನಿಗೆ ಹಾಕಿದರು. ಉಣ್ಣೆಗೆ ಬಿಸಿ ಮತ್ತು ತಿಕ್ಕಾಟ ಸೇರಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯ ಹಾಗೆ ಗಟ್ಟಿಯಾಗುತ್ತವೆ, ಮತ್ತೆ ಬಿಡುವುದಿಲ್ಲ. ಸ್ವೆಟರ್ ಬೊಂಬೆಗೆ ಆಗುವಷ್ಟಾಯಿತು. ಅದನ್ನು ನನಗೇ ತೋರಿಸಿ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಾಗ ಬಸ್ಸಿನಲ್ಲಿ ಅಳು ಬಂತು. ಆಮೇಲೆ ಯೋಚಿಸಿದರೆ ತಪ್ಪು ನನ್ನದೂ ಇತ್ತು, ಹೇಗೆ ಒಗೆಯಬೇಕು ಅಂತ ಹೇಳಿಯೇ ಇರಲಿಲ್ಲ. ಈಗ ಊರವರಿಗೆಲ್ಲ ಅಕ್ರಿಲಿಕ್, ಎಲ್ಲಿ ಬೇಕಾದರೂ ಒಗೆದುಕೊಳ್ಳಲಿ. ಪಕ್ಕದ ಮನೆ ಕೂಸಿನ ಕುಲಾವಿಯೂ ಅದರದ್ದೇ.

ನಿನಗೆ ಮಾತ್ರ ಉಣ್ಣೆ. ಸುಭಾಷ್ ರೋಡಿನಲ್ಲಿ ಲುಧಿಯಾನಾದಿಂದ ಬಂದ ನವಿಲುಬಣ್ಣದ ಉಂಡೆ ಸಿಕ್ಕಿದೆ. ಹೆಣೆದು ಕಳಿಸಿದ್ದನ್ನು ಒಗೆಯುವಾಗ ತಣ್ಣೀರಿನಲ್ಲಿ ಹಿಂಡದೆ ಅದ್ದಿ ತೆಗೆದು, ಟವೆಲಿನಲ್ಲಿ ಸುತ್ತಿ ಒತ್ತಿ, ನೆಲದ ಮೇಲೆ ಹಾಸಿ ಒಣಗಿಸು. ತಂತಿಗೆ ನೇತುಹಾಕಿದರೆ ಮೊಣಕಾಲಿನವರೆಗೆ ಇಳಿಯುತ್ತದೆ. ಮಫ್ಲರ್ ಮುಗಿದಿದೆ, ಈಗ ಟೊಪ್ಪಿಗೆ. ಹೋದ ಸಲ ಕಾಕಾನಿಗೆ ಅಂದಾಜಿನಲ್ಲಿ ಹೆಣೆದದ್ದು ಏನಾಯಿತು ನೆನಪಿದೆಯಲ್ಲ? ಅವರ ಮೂಗಿನವರೆಗೆ ಬಂತು. ಈಗ ಅದು ನಮ್ಮ ಮೊಸರಿನ ಪಾತ್ರೆಯ ಟೊಪ್ಪಿಗೆ. ಚಳಿಯಲ್ಲೂ ಮೊಸರು ಚಲೋ ಹೆಪ್ಪುಗಟ್ಟುತ್ತದೆ, ಅದೊಂದು ಲಾಭ.

ಅದಕ್ಕೇ ಈ ಸಲ ಮೊದಲು ಅಂಗೈ ಅಗಲದ ಚೂರು ಹೆಣೆದು ಅಳೆದೆ. ನನ್ನ ಕೈಗೆ 4 ಇಂಚಿಗೆ 22 ಕುಣಿಕೆ ಬರುತ್ತವೆ. ದೊಡ್ಡವರ ತಲೆ 22 ಇಂಚು ಅಂತ ಹಿಡಿದರೆ, ಬಿಗಿಯಾಗಿ ಕೂರಲು 2 ಇಂಚು ಕಡಿಮೆ ಮಾಡಬೇಕು. 20 ಇಂಚಿಗೆ 110 ಕುಣಿಕೆ. ಎರಡು ಸೀದಾ ಎರಡು ಉಲ್ಟಾ ಹಾಕುವುದರಿಂದ ನಾಲ್ಕರಿಂದ ಭಾಗ ಹೋಗಬೇಕು, ಹಾಗಾಗಿ 112. ಆದರೆ ನಿನ್ನ ತಲೆ 22 ಇದೆಯೋ ಇಲ್ಲವೋ ನನಗೆ ನೆನಪಿಲ್ಲ. ಚಿಕ್ಕವಳಿದ್ದಾಗ ಕುಂಚಿಗೆಗೆ ಅಳೆದದ್ದೇ ಕಡೆ.

ಹುಬ್ಬಿನ ಮೇಲಿನಿಂದ ಕಿವಿಯ ಮೇಲೆ ಹಾಯಿಸಿ ಟೇಪು ಸುತ್ತು. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನ ಮೇಲೆ ಇಟ್ಟು ನೋಡು. ಅಲ್ಲಿ ಜಡೆ ಹಾಕುತ್ತೀಯೋ ತುರುಬು ಕಟ್ಟುತ್ತೀಯೋ ಅದನ್ನೂ ಬರೆ, ತುರುಬಾದರೆ ಮೇಲೆ ಸ್ವಲ್ಪ ಜಾಗ ಬಿಡುತ್ತೇನೆ. ದೀಪಾವಳಿ ಒಳಗೆ ಅಳತೆ ಬಂದರೆ ಮಫ್ಲರ್, ಟೊಪ್ಪಿಗೆ ಎರಡೂ ಒಂದೇ ಪಾರ್ಸಲ್ಲಿನಲ್ಲಿ ಬರುತ್ತವೆ. ಕೌದಿ ಸಂಕ್ರಾಂತಿಗೆ. ಆಯಿ ಅದರ ಕಡೆಯ ಮೂಲೆ ಮುಚ್ಚುವ ಮೊದಲು ರೊಟ್ಟಿ ಚೂರು ಒಳಗಿಡುವುದಾಗಿ ಹಟ ಹಿಡಿದಿದ್ದಾರೆ, ಹೊದ್ದವರು ಹಸಿಯಬಾರದು ಅಂತ. ಹಾಸ್ಟೆಲ್ಲಿನಲ್ಲಿ ಇರುವೆ ಇವೆಯಾ? ಅದನ್ನೂ ಬರೆ.

ನಿನ್ನ
ಅವ್ವ