ಈ ವಾರದ ನಿಲ್ದಾಣ: ಓಕ್‌ವರ್ತ್

ಗೆಳೆಯರೇ, ಈ ವಾರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ಓಕ್‌ವರ್ತ್ ನಿಲ್ದಾಣದ ಬಗ್ಗೆ ಮಾತಾಡೋಣ. ಅಲ್ಲಿನ ಗಿರಣಿ ಮಾಲೀಕರು ದುಡ್ಡು ಹಾಕಿ ಮಾಡಿಸಿದ, ಐದು ಮೈಲಿಯಷ್ಟೇ ಉದ್ದದ ರೈಲು ಮಾರ್ಗದಲ್ಲಿದೆ ಅದು. ಆ ಮಾರ್ಗ 1867ರಲ್ಲಿ ಶುರುವಾಯಿತು. 1961ರ ಕೊನೆಗೆ ಪ್ರಯಾಣಿಕರ ರೈಲು, ಮರುವರ್ಷ ಗೂಡ್ಸ್ ಕೂಡ ನಿಂತಿತು. ಜನ ಸುಮ್ನೆ ಕೂರಲಿಲ್ಲ. 1962ರಲ್ಲೇ ಸಂಘ ಕಟ್ಟಿ, ಸರ್ಕಾರಿ ರೈಲ್ವೆಯಿಂದ ಇಡೀ ಮಾರ್ಗವನ್ನೇ ಕೊಂಡು, 1968ರ ಜೂನ್ 29ರಂದು ಮತ್ತೆ ರೈಲು ಓಡಿಸಿದರು. ನನಗೆ ಜಾಸ್ತಿ ಇಷ್ಟ ಅಲ್ಲಿನ ಗ್ಯಾಸ್ ದೀಪಗಳು, ಹಳೇ ತಗಡಿನ ಜಾಹೀರಾತು ಫಲಕಗಳು. ಬರೀ ಕಟ್ಟಡ ಉಳಿಸಿದರೆ ನಿಲ್ದಾಣ ಉಳಿದಂತಲ್ಲ, ಅಲ್ವಾ?

ಹಳೇ ಫೋಟೊ ಇದ್ದವರು ಭಾನುವಾರದೊಳಗೆ ಹಾಕಿ. ಯಾವ ವರ್ಷದ್ದು ಎಂದು ಬರೆಯಿರಿ, ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಬೇರೆ ಫಾರ್ವರ್ಡ್‌ಗಳು ಅಲ್ಲಿಯವರೆಗೆ ದಯವಿಟ್ಟು ಬೇಡ.