ಸೈರಂಧ್ರಿಯ ಸಿಂಗಳೀಕಗಳು: ಸಾಗರದ ಗೆಳೆಯನಿಗೊಂದು ಪತ್ರ

ಮಾರಾಯ,

ಫೋನಿನಲ್ಲಿ ಅರ್ಧಕ್ಕೇ ನಿಂತ ಕೇರಳದ ಸೈಲೆಂಟ್ ವ್ಯಾಲಿ ಕಾಡಿನ ಕಥೆಯನ್ನು ಪೂರ್ತಿ ಬರೆಯುತ್ತೇನೆ ಅಂದಿದ್ದೆನಲ್ಲ, ತಗೋ.

ಪಾಲಕ್ಕಾಡ್ ಜಿಲ್ಲೆಯ ಮಣ್ಣಾರ್ಕಾಡಿನಿಂದ ಅಟ್ಟಪಾಡಿ ರಸ್ತೆ ಹಿಡಿದರೆ ಮುಕ್ಕಾಲಿ ಸಿಗುತ್ತದೆ. ಅಲ್ಲಿಂದ ಮುಂದೆ ನಮ್ಮ ಗಾಡಿ ಬಿಡುವುದಿಲ್ಲ. ಅಲ್ಲಿನದೇ ಜೀಪು, ಜೊತೆಗೊಬ್ಬ ಗೈಡ್. ಸೈರಂಧ್ರಿಗೆ 23 ಕಿಲೋಮೀಟರ್. ಸೊಂಟ ನೋವಿದ್ದವರನ್ನು ಮಾತ್ರ ಕರೆದುಕೊಂಡು ಹೋಗಬೇಡ. ಜಾಗದ ಹೆಸರು ಸೈರಂಧ್ರಿ, ಹೊಳೆಯ ಹೆಸರು ಕುಂತಿ. ಪಾಂಡವರು ಇಲ್ಲಿಗೆ ಬಂದಿದ್ದರಂತೆ. ಅವರು ಹೋಗದ ಕಾಡು ನಮ್ಮ ದೇಶದಲ್ಲಿ ಯಾವುದಿದೆ ಹೇಳು!

ಮಳೆ ಆಗಷ್ಟೇ ಹಿಡಿದಿತ್ತು. ರಕ್ತ ಹೀರುವ ಉಂಬಳಗಳ ವಿಷಯ ನಿನಗೆ ಹೇಳಬೇಕಾಗಿಲ್ಲ. ಒಂದು ತಿರುವಿನಲ್ಲಿ ಡ್ರೈವರ್ ಸುಮ್ನೆ ಇಂಜಿನ್ ಆಫ್ ಮಾಡಿದ. ಟಪ್ ಅಂತ ಬಾನೆಟ್ ಮೇಲೆ ಏನೋ ಬಿತ್ತು. ಮುಳ್ಳಿನ ಸಿಪ್ಪೆ. ತಲೆಯೆತ್ತಿದರೆ ಸಿಂಗಳೀಕ! ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ತಾಯಿ ಎಳೆ ಹಲಸಿನಂಥ ಕಾಯನ್ನು ಹಲ್ಲಿನಿಂದ ಕಚ್ಚಿ ಸೀಳಿ, ಬೀಜ ಕಿತ್ತು, ಒಂದೊಂದನ್ನೇ ಕೆನ್ನೆಯ ಚೀಲಕ್ಕೆ ತುಂಬುತ್ತಿತ್ತು. ಕೆನ್ನೆ ಉಬ್ಬುತ್ತಾ ಹೋಯಿತು. ನಮ್ಮ ಕಡೆ ಒಮ್ಮೆ ನೋಡಿತು, ಅಷ್ಟೆ. ಆ ಮರಕ್ಕೆ ಅಲ್ಲಿ ವೆಡಿಪ್ಲಾವ್ ಅನ್ನುತ್ತಾರೆ. ಅದರ ಹೂವನ್ನೂ ಸಿಂಗಳೀಕ ಬಿಡುವುದಿಲ್ಲ.

ಸೈರಂಧ್ರಿಯ ವಾಚ್‌ಟವರ್ ಹತ್ತಿದರೆ ಎತ್ತ ನೋಡಿದರೂ ಕಾಡೇ. ಕೆಳಗೆ ಕುಂತಿ ಹೊಳೆ. 1970ರ ದಶಕದಲ್ಲಿ ಈ ಹೊಳೆಗೇ ಅಣೆಕಟ್ಟು ಕಟ್ಟಲು ಕೇರಳದ ವಿದ್ಯುತ್ ಮಂಡಳಿ ಹೊರಟಿತ್ತು, 120 ಮೆಗಾವ್ಯಾಟ್ ಕರೆಂಟಿಗಾಗಿ. ಬೇಡ ಅಂದವರು ಯಾರು ಗೊತ್ತಾ? ಮೇಷ್ಟ್ರುಗಳು, ವಿಜ್ಞಾನಿಗಳು, ಸುಗತಕುಮಾರಿಯಂಥ ಕವಿಗಳು. ಜನರಿಗೆ ವಿಜ್ಞಾನ ತಲುಪಿಸುವ ಅಲ್ಲಿನ ಸಂಘಟನೆ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಲೆಕ್ಕಪತ್ರ ಹಿಡಿದೇ ವಾದಕ್ಕಿಳಿದರು. ಕೊನೆಗೆ ಯೋಜನೆ ಕೈಬಿಟ್ಟರು. 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ರಾಜೀವ್ ಗಾಂಧಿ ಬಂದು ಉದ್ಘಾಟಿಸಿದರು. ಅಣೆಕಟ್ಟು ಎದ್ದಿದ್ದರೆ ನಾನು ಟವರ್‌ನಿಂದ ಹಿನ್ನೀರು ನೋಡಿ ಫೋಟೋ ತೆಗೆದು ಬರುತ್ತಿದ್ದೆ, ಏನು ಮುಳುಗಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ.

ಅಲ್ಲಿ ನಿಂತಾಗ ನಿಮ್ಮ ಶರಾವತಿಯೇ ತಲೆಯಲ್ಲಿತ್ತು. 2019ರಲ್ಲಿ ಆ ಕಣಿವೆಯನ್ನು ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯ ಅಂತ ಘೋಷಿಸಿದರು. ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು, ಅಂದರೆ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. 120ಕ್ಕೆ ಬೇಡ ಅಂದಷ್ಟು ಸುಲಭವಾಗಿ 2000ಕ್ಕೆ ಬೇಡ ಅನ್ನಲು ಆಗುವುದಿಲ್ಲ, ಒಪ್ಪುತ್ತೇನೆ. ಈ ಸಲ ಮುಳುಗುವುದು ಜಾಸ್ತಿ ಇಲ್ಲ ಅನ್ನುತ್ತಾರೆ. ಆದರೆ ನೆಲಕ್ಕಿಳಿಯುವುದೇ ಅಪರೂಪವಾದ ಪ್ರಾಣಿ ಅದು. ಕೊಂಬೆಗೆ ಕೊಂಬೆ ತಾಗಿರಬೇಕು. ನಡುವೆ ಮರ ಕಡಿದು ರಸ್ತೆ ಮಾಡಿದರೆ ಅದರ ಪಾಲಿಗೆ ಕಾಡು ಅಲ್ಲಿಗೇ ಮುಗಿಯಿತು, ಅಲ್ವಾ?

ದಸರಾ ರಜೆಗೆ ಬರುತ್ತೇನೆ. ವೆಡಿಪ್ಲಾವ್ ನಿಮ್ಮ ಕಡೆ ನಾನಂತೂ ನೋಡಿಲ್ಲ. ಅಲ್ಲಿನ ಸಿಂಗಳೀಕ ಉಪ್ಪಾಗೆ ಹಣ್ಣು ತಿನ್ನುತ್ತದಂತೆ, ನೀವು ಕೊಯ್ದು ಒಣಗಿಸಿ ಮಾರುವುದೂ ಅದನ್ನೇ. ಯಾರ ಪಾಲು ಎಷ್ಟು ಅಂತ ನಿಮ್ಮ ಅಪ್ಪಯ್ಯನ ಹತ್ತಿರ ಕೇಳಿಟ್ಟಿರು.

ನಿನ್ನ ಗೆಳೆಯ