ಹತ್ತನೇ ತರಗತಿ ಮುಗಿದ ಹುಡುಗಿಯರಿಗೂ ಮೈದಾನ ಬೇಕು: ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ತಮ್ಮ ಕ್ಷೇತ್ರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಹೋದ ತಿಂಗಳು ಉಪ್ಪಳ ಪೇಟೆಗೆ ಹೋಗಿದ್ದಾಗ ಹೊಲಿಗೆ ಅಂಗಡಿಯೊಳಗಿಂದ ಯಾರೋ ಕರೆದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಮೆಷಿನ್ ನಿಲ್ಲಿಸಿ, "ಟೀಚರೇ, ಇದೊಂದು ನೋಡಿ" ಎಂದು ಮೊಬೈಲ್ ಮುಂದೆ ಹಿಡಿದಳು.

ಅದು ಅಮೆರಿಕದ ಲಾಸ್ ವೇಗಸ್‌ನಲ್ಲಿ 2010ರ ಜನವರಿ 24ರಂದು ನಡೆದ ಟೆನ್‌ಪಿನ್ ಬೌಲಿಂಗ್ ಫೈನಲ್. ನಮ್ಮೂರಲ್ಲಿ ಬೌಲಿಂಗ್ ಅಂದರೆ ಕ್ರಿಕೆಟ್ಟೇ, ಇದು ಬೇರೆ. ಅರುವತ್ತು ಅಡಿ ಉದ್ದದ ನುಣ್ಣನೆ ಹಾದಿ, ಅದರಾಚೆ ತ್ರಿಕೋನಾಕಾರದಲ್ಲಿ ನಿಲ್ಲಿಸಿದ ಹತ್ತು ಪಿನ್‌ಗಳು. ಮೂರು ಬೆರಳು ತೂರಿಸಿ ಹಿಡಿದ ಭಾರದ ಚೆಂಡನ್ನು ಉರುಳಿಸಿ ಹತ್ತನ್ನೂ ಕೆಡವಬೇಕು. ಚೆಂಡು ಹದಿನಾರು ಪೌಂಡ್‌ವರೆಗೆ ತೂಗಬಹುದು, ಅಂದರೆ 7.26 ಕಿಲೋ. ಗಂಡಸರ ಗುಂಡೆಸೆತದ ಗುಂಡೂ ಅಷ್ಟೇ ತೂಕದ್ದು, ಅದಕ್ಕೇ ನನ್ನ ಕಣ್ಣು ಅಲ್ಲೇ ನಿಂತಿತು. ಹಾದಿಗೆ ಎಣ್ಣೆ ಸವರಿರುತ್ತಾರೆ. ಎಣ್ಣೆ ಕಣ್ಣಿಗೆ ಕಾಣುವುದಿಲ್ಲ, ಚೆಂಡು ಉರುಳಿದಷ್ಟೂ ಜಾಗ ಬದಲಿಸುತ್ತದೆ. ಚೆಂಡು ಎಲ್ಲಿ ಜಾರಿತು, ಎಲ್ಲಿ ತಿರುಗಿತು ಎಂದು ನೋಡಿಯೇ ಮುಂದಿನ ಸಲ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸಬೇಕು. ವರ್ಷಗಟ್ಟಲೆ ಬಿಡದೆ ಉರುಳಿಸಿದ ಕೈಗೆ ಮಾತ್ರ ಒಲಿಯುವ ವಿದ್ಯೆ ಇದು.

ಆ ದಿನ ಕೆಲ್ಲಿ ಕುಲಿಕ್ ಎಂಬ ಮಹಿಳೆ, ಗಂಡಸರೇ ಗೆಲ್ಲುತ್ತಾ ಬಂದಿದ್ದ 'ಟೂರ್ನಮೆಂಟ್ ಆಫ್ ಚಾಂಪಿಯನ್ಸ್'ನ ಫೈನಲ್‌ನಲ್ಲಿ ಕ್ರಿಸ್ ಬಾರ್ನ್ಸ್ ಅವರನ್ನು 265–195ರಿಂದ ಸೋಲಿಸಿದರು. ಪೂರ್ಣಾಂಕ 300 ಇರುವ ಆಟದಲ್ಲಿ ಎಪ್ಪತ್ತು ಅಂಕಗಳ ಅಂತರ! ಅಮೆರಿಕದ ವೃತ್ತಿಪರ ಬೌಲರ್‌ಗಳ ಸಂಘವಾದ ಪಿಬಿಎಯ ಟೂರ್‌ನಲ್ಲಿ, ಅಂದರೆ ಅದು ನಡೆಸುವ ಟೂರ್ನಿಗಳ ಸರಣಿಯಲ್ಲಿ, ಪ್ರಶಸ್ತಿ ಗೆದ್ದ ಮೊದಲ ಮಹಿಳೆ ಅವರು.

ಗೆಲುವು ದೊಡ್ಡದೇ. ಆದರೆ ತಮಗೆ ಹೇಳಬೇಕಾದದ್ದು ಅದರ ಹಿಂದಿನ ಏಳು ವರ್ಷಗಳ ವಿಷಯ. 2003ರಲ್ಲಿ ಕುಲಿಕ್ ಯುಎಸ್ ವಿಮೆನ್ಸ್ ಓಪನ್ ಗೆದ್ದರು. ಅದೇ ವರ್ಷ ಅಮೆರಿಕದ ಮಹಿಳಾ ವೃತ್ತಿಪರ ಟೂರ್ ನಿಂತುಹೋಯಿತು. ಇಪ್ಪತ್ತಾರರ ಹರೆಯದಲ್ಲಿ, ಕೈ ಪಳಗಿದ ಹೊತ್ತಿಗೆ, ಆಡಲು ಮಹಿಳೆಯರ ಟೂರೇ ಇಲ್ಲ. ನ್ಯೂಜೆರ್ಸಿಯ ಊರಿನಲ್ಲಿ ತಂದೆಯ ಕಾರು ರಿಪೇರಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾ ಅಭ್ಯಾಸ ಮುಂದುವರಿಸಿದರು. 2006ರಲ್ಲಿ ಅರ್ಹತಾ ಪಂದ್ಯಗಳಲ್ಲಿ ಗಂಡಸರ ಜೊತೆ ಆಡಿ, ಪಿಬಿಎ ಟೂರ್‌ನಲ್ಲಿ ಇಡೀ ಋತುವಿಗೆ ಜಾಗ ಪಡೆದ ಮೊದಲ ಮಹಿಳೆಯಾದರು. ಆ ಜಾಗ ಮರುವರ್ಷ ಉಳಿಯಲಿಲ್ಲ. ಅವರು ಆಟ ಬಿಡಲೂ ಇಲ್ಲ. ಲಾಸ್ ವೇಗಸ್‌ನಲ್ಲಿ ಗೆದ್ದಾಗ ಅವರಿಗೆ ಮೂವತ್ತೆರಡು. ಮಹಿಳೆಯರ ಟೂರ್ ಮತ್ತೆ ಶುರುವಾದದ್ದು 2015ರಲ್ಲಿ.

ಟೂರ್ ನಿಂತರೂ ಅವರಿಗೆ ಅಭ್ಯಾಸ ಮಾಡುವ ಜಾಗ ಇತ್ತು. ಸಂಜೆ ಕೆಲಸ ಮುಗಿಸಿ ಹೋದರೆ ದೀಪ ಉರಿಯುತ್ತಿರುವ ಒಂದು ಹಾದಿ, ಎದುರಿಗೆ ಹತ್ತು ಪಿನ್. ಅದೂ ಇಲ್ಲದಿದ್ದರೆ 2010 ಎಲ್ಲಿಂದ ಬರಬೇಕಿತ್ತು?

ಈಗ ಹೊಲಿಗೆ ಅಂಗಡಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೂರು ಕಿಲೋ ಗುಂಡನ್ನು ಅವಳಷ್ಟು ಚೆನ್ನಾಗಿ ಎಸೆದ ಮಗುವನ್ನು ನನ್ನ ಸರ್ವಿಸಿನಲ್ಲಿ ಮತ್ತೆ ನೋಡಿಲ್ಲ. ಉಪಜಿಲ್ಲೆಯಲ್ಲಿ ಮೊದಲನೆಯವಳು, ಕಾಸರಗೋಡು ಜಿಲ್ಲೆಯಲ್ಲೂ ಮೊದಲನೆಯವಳು. ಅಮ್ಮ ಬೀಡಿ ಕಟ್ಟಿ ಸಾಕುತ್ತಿದ್ದರು. ಎಸೆಸೆಲ್ಸಿ ಆದ ವರ್ಷ ಒಂದು ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಪ್ರಕಟಣೆ ಬಂದಿತ್ತು, ಮಲಯಾಳದಲ್ಲಿ ಮಾತ್ರ. ಅವಳ ಮನೆಯಲ್ಲಿ ಅದನ್ನು ಓದಬಲ್ಲವರಿರಲಿಲ್ಲ. ರಜೆಯ ತಿಂಗಳಾದ್ದರಿಂದ ನನಗೂ ತಡವಾಗಿ ತಿಳಿಯಿತು, ಅಷ್ಟರಲ್ಲಿ ತಾರೀಕು ದಾಟಿತ್ತು. ಆ ಸಂಕಟ ಇನ್ನೂ ನನ್ನ ಹೊಟ್ಟೆಯಲ್ಲಿದೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಸಭೆಗಳಲ್ಲಿ ಹೇಳುತ್ತೇವಲ್ಲ, ಅದು ಇಂಥ ಒಂದು ಹಾಳೆಯಲ್ಲಿ ಕಾಣಬೇಕಿತ್ತು.

ಹುಡುಗಿಯರು ಶಾಲೆಯಲ್ಲಿರುವವರೆಗೆ ಕಬಡ್ಡಿ, ತ್ರೋಬಾಲ್, ಓಟ ಎಲ್ಲವೂ ಇರುತ್ತದೆ, ಕರೆದುಕೊಂಡು ಹೋಗಲು ಟೀಚರ್ ಇರುತ್ತಾರೆ. ಶಾಲೆಯ ಗೇಟು ದಾಟಿದ ಮೇಲೆ ಮೈದಾನ ಗಂಡುಮಕ್ಕಳ ಕ್ರಿಕೆಟ್ಟಿಗೆ. ನಾನು ಆ ಮಕ್ಕಳನ್ನು ದೂರುವುದಿಲ್ಲ, ಅವರಿಗೂ ಜಾಗ ಬೇಕು. ಆದರೆ ದೀಪವಿಲ್ಲದ, ಶೌಚಾಲಯಕ್ಕೆ ಬೀಗ ಬಿದ್ದ ಮೈದಾನಕ್ಕೆ ಸಂಜೆ ಆರರ ಮೇಲೆ ಯಾವ ತಾಯಿ ಮಗಳನ್ನು ಕಳಿಸಿಯಾಳು?

ಉಪ್ಪಳದಲ್ಲೋ ಕುಂಬಳೆಯಲ್ಲೋ ಬೌಲಿಂಗ್ ಕೇಂದ್ರ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ತಮ್ಮ ಶಾಸಕ ನಿಧಿಯಿಂದ ಮೊದಲು ಒಂದೇ ಒಂದು ಪಂಚಾಯತ್ ಮೈದಾನಕ್ಕೆ ದೀಪ ಹಾಕಿಸಿ. ಸಂಜೆಯೂ ತೆರೆದಿರುವ ಶೌಚಾಲಯ ಕಟ್ಟಿಸಿ. ವಾರದಲ್ಲಿ ಎರಡು ಸಂಜೆಯನ್ನು ಹೆಂಗಸರಿಗೆಂದೇ ಬರೆದಿಡಿ, ವಯಸ್ಸು ಕೇಳಬೇಡಿ. ಮದುವೆಯಾದವರೂ ಬರಲಿ, ಮೂವತ್ತು ದಾಟಿದವರೂ ಬರಲಿ. ಗುಂಡೆಸೆತಕ್ಕೆ ಬೇಕಾಗುವುದು ಏಳಡಿ ಅಗಲದ ಒಂದು ಸಿಮೆಂಟ್ ವೃತ್ತ. ಅಡಿಕೆ ಅಂಗಳಕ್ಕೆ ಸಿಮೆಂಟ್ ಹಾಕುವ ನಮ್ಮ ಮೇಸ್ತ್ರಿಗಳು ಅದನ್ನು ಒಂದು ದಿನದಲ್ಲಿ ಮುಗಿಸುತ್ತಾರೆ. ತರಬೇತುದಾರರನ್ನು ನೇಮಿಸುವವರೆಗೆ ನಾನು ಬರುತ್ತೇನೆ, ಸಂಬಳ ಬೇಡ. ಹಾಗೆಯೇ ಕ್ರೀಡಾ ಆಯ್ಕೆಯ ಪ್ರತಿಯೊಂದು ಪ್ರಕಟಣೆಯೂ ನಮ್ಮ ತಾಲೂಕಿನ ಶಾಲೆಗಳಿಗೆ ಕನ್ನಡದಲ್ಲೂ ತಲುಪುವಂತೆ ವಿಧಾನಸಭೆಯಲ್ಲಿ ಕೇಳಿ. ಅದಕ್ಕೆ ದುಡ್ಡೂ ಬೇಕಾಗಿಲ್ಲ.

ಅಂಗಡಿಯಲ್ಲಿ ಆ ವಿಡಿಯೋ ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗೀಗ ಇಪ್ಪತ್ತೊಂಬತ್ತು ಟೀಚರೇ. ಮತ್ತೆ ಎಸೆಯಲಿಕ್ಕೆ ಆಗಬಹುದಾ?" ಎಂದಳು. ಖಂಡಿತ ಆಗುತ್ತದೆ, ನಾಳೆಯಿಂದಲೇ ಬಾ ಎಂದೆ. "ಎಲ್ಲಿಗೆ ಬರಲಿ?" ಎಂದು ಕೇಳಿದಳು.

ಅವಳಿಗೆ ಹೇಳಲು ಒಂದು ಜಾಗದ ಹೆಸರು ಕೊಡಿ.

ಇತಿ,
ತಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ